ಕಾಗೆಬಂಗಾರ

ಕಳೆದ ಬೇಸಿಗೆ ರಜೆಯಲ್ಲಿ ನಾಲ್ಕು ದಿನ ಹಿಂದೂಪುರದಲ್ಲಿ ಉಳಿಯುವ ಸಂದರ್ಭ ಒದಗಿತ್ತು. ನನ್ನ ಷಡ್ಡಕರ ಮನೆ ಅಲ್ಲಿ. ಎರಡನೆಯ ದಿನ ಬೆಳಿಗ್ಗೆ, ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಯಿಂದ ಅವರ ಪರಿಚಯದ ರೈತರೊಬ್ಬರು ಬಂದರು. ಅರುವತ್ತು ದಾಟಿದ ವಯಸ್ಸು. ಮನೆಮಾತು ಕನ್ನಡ, ಊರಮಾತು ತೆಲುಗು. ಹೆಗಲ ಮೇಲಿನ ಟವೆಲಿನ ತುದಿಯಲ್ಲಿ ಏನನ್ನೋ ಗಂಟು ಕಟ್ಟಿಕೊಂಡಿದ್ದರು. ನಾನು ಹೈಸ್ಕೂಲು ಮಾಸ್ತರನೆಂದು ಷಡ್ಡಕರು ಪರಿಚಯ ಹೇಳಿದ ಕೂಡಲೇ ಆ ಗಂಟನ್ನು ಬಿಚ್ಚಿ ನನ್ನ ಮುಂದಿಟ್ಟರು. ಮುಷ್ಟಿಗಾತ್ರದ ಒಂದು ಕಂದು ಕಲ್ಲು. ಜಗಲಿಗೆ ಬಿದ್ದ ಎಳೆಬಿಸಿಲಿಗೆ ಅದು ತಿಕ್ಕಿ ತೊಳೆದ ಹಿತ್ತಾಳೆ ಚೊಂಬಿನಂತೆ ಹೊಳೆಯಿತು.

ಸಂಗತಿ ಇಷ್ಟು. ಅವರ ಕೊಳವೆಬಾವಿ ಬತ್ತಿ ಎರಡು ವರ್ಷವಾಗಿತ್ತು. ಅಜ್ಜನ ಕಾಲದ ತೆರೆದ ಬಾವಿಯ ಹೂಳೆತ್ತಿಸಿ ಇನ್ನೂ ನಾಲ್ಕು ಅಡಿ ಆಳ ತೆಗೆಸುವಾಗ ಈ ಕಲ್ಲು ಸಿಕ್ಕಿತು. ಒಂದೆರಡಲ್ಲ, ಬುಟ್ಟಿಗಟ್ಟಲೆ. ಸುದ್ದಿ ಹಬ್ಬಿ ಪೇಟೆಯ ಕಡೆಯಿಂದ ಒಬ್ಬ ಬಂದನಂತೆ. ಇದು ಬೆಲೆಬಾಳುವ ಖನಿಜ, ದೊಡ್ಡ ಊರಿನ ಲ್ಯಾಬಿನಲ್ಲಿ ಪರೀಕ್ಷೆಯಾಗಬೇಕು, ಖರ್ಚಿಗೆ ಹದಿನೈದು ಸಾವಿರ ಮುಂಗಡ ಕೊಟ್ಟರೆ ಉಳಿದದ್ದನ್ನೆಲ್ಲ ತಾನು ನೋಡಿಕೊಳ್ಳುತ್ತೇನೆ ಎಂದನಂತೆ. ಇವರು ಹಿಂದೂಪುರಕ್ಕೆ ಬಂದದ್ದು ಮಗಳ ಕತ್ತಿನ ಸರವನ್ನು ಅಡವಿಡಲಿಕ್ಕೆ. ಸರ ಅಂಗಿಯ ಒಳಜೇಬಿನಲ್ಲಿತ್ತು.

ಇದನ್ನು ಓದಿ ಆ ರೈತರನ್ನು ದಡ್ಡರೆಂದು ಯಾರೂ ಎಣಿಸಬಾರದು. ಅವರ ಸೀಮೆ ಅಂಥದು. ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ನಡುವೆ ರಾಮಗಿರಿ ಎಂಬ ಊರಿದೆ. ಅಲ್ಲಿ ನಿಜವಾಗಿಯೂ ಚಿನ್ನ ಸಿಗುತ್ತದೆ. ಪುರಾತನರು ತೋಡಿದ ಗುಂಡಿಗಳು ಅಲ್ಲಿವೆ. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿ ಗಣಿ ಕೆಲಸ ನಡೆದಿತ್ತು, ಆಮೇಲೆ ಕೋಲಾರದ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯೂ ಅಲ್ಲಿ ಅಗೆಯಿತು. 2001ರಲ್ಲಿ ಕೋಲಾರದ ಗಣಿಗಳೇ ಮುಚ್ಚಿಹೋದವು. ಕಲ್ಯಾಣದುರ್ಗದಿಂದ ಉತ್ತರಕ್ಕೆ, ಉರವಕೊಂಡದ ಹತ್ತಿರ ವಜ್ರಕರೂರು. ಹೆಸರೇ ಹೇಳುವ ಹಾಗೆ ಅದು ವಜ್ರದ ಊರು. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಹೊಲದ ಮಣ್ಣು ಕೊಚ್ಚಿಹೋದಲ್ಲಿ ವಜ್ರ ಸಿಕ್ಕೀತೇ ಎಂದು ಜನ ಬಾಗಿ ಬಾಗಿ ಹುಡುಕುವುದು ಇಂದಿಗೂ ಉಂಟು. ಹೀಗೆ ಒಂದು ಕಡೆ ಚಿನ್ನ, ಇನ್ನೊಂದು ಕಡೆ ವಜ್ರ, ನಡುವೆ ಬತ್ತಿದ ಬಾವಿ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ಕುಳಿತ ನಮಗೆ, 550ರ ಆಸುಪಾಸಿನಲ್ಲಿ ನೆಲಗಡಲೆ ಬೆಳೆಯುವವರ ಕಷ್ಟ ಸುಲಭದಲ್ಲಿ ಅರ್ಥವಾಗುವಂಥದಲ್ಲ.

ನಾನು ಭೂಗರ್ಭಶಾಸ್ತ್ರ ಓದಿದವನಲ್ಲ. ಆದರೆ ಎಂಟನೆಯ ತರಗತಿಯ ಮಕ್ಕಳಿಗೆ ಕಲ್ಲು ಮಣ್ಣಿನ ಪಾಠ ಮಾಡಿ ಮಾಡಿ, ಅಡುಗೆಮನೆಯ ಸಾಮಾನಿನಲ್ಲೇ ಒಂದು ಕಲ್ಲನ್ನು ಹೇಗೆ ವಿಚಾರಿಸಬಹುದು ಎಂಬುದು ಗೊತ್ತಿದೆ. ಕಲ್ಲಿನ ಬಣ್ಣವನ್ನು ನಂಬಬಾರದು. ಹೊಳಪನ್ನಂತೂ ನಂಬಲೇಬಾರದು. ಅದು ಎಷ್ಟು ಗಟ್ಟಿ, ಹೇಗೆ ಒಡೆಯುತ್ತದೆ, ಅದರ ಪುಡಿಯ ಬಣ್ಣ ಯಾವುದು, ಗಾತ್ರಕ್ಕೆ ತಕ್ಕ ತೂಕ ಉಂಟೋ ಎಂದು ಕೇಳಬೇಕು.

ಷಡ್ಡಕರ ಮಗಳು ಒಂದು ಹೊಲಿಗೆ ಸೂಜಿ, ಒಂದು ಪೆನ್ನು ಚಾಕು, ಸ್ನಾನದ ಮನೆಗೆ ಹಾಕಿ ಉಳಿದ ಟೈಲಿನ ಒಂದು ಚೂರು ತಂದುಕೊಟ್ಟಳು. ಮೊದಲು ಸೂಜಿಯ ಮೊನೆಯನ್ನು ಕಲ್ಲಿನ ಅಂಚಿಗೆ ಚುಚ್ಚಿದೆ. ಪುಸ್ತಕದ ಹಾಳೆ ಎದ್ದ ಹಾಗೆ ಒಂದು ತೆಳು ಪದರ ಎದ್ದು ಬಂತು. ಅದರಿಂದ ಇನ್ನೊಂದು, ಅದರಿಂದ ಮತ್ತೊಂದು. ಕೊನೆಗೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಒಂದು ಹಾಳೆಯನ್ನು ಹಿಡಿದು ಸೂರ್ಯನತ್ತ ನೋಡಲು ರೈತರಿಗೆ ಕೊಟ್ಟೆ. ಹಾಲು ಹಾಕದ ಚಹಾದ ಬಣ್ಣದ ಬೆಳಕು ಅದರಲ್ಲಿ ಹಾದು ಬರುತ್ತಿತ್ತು. ಚಿನ್ನವಾಗಲಿ ತಾಮ್ರವಾಗಲಿ ಹಿತ್ತಾಳೆಯಾಗಲಿ ಕೈಯಲ್ಲಿ ಸುಲಿಯಬಹುದಾದ ದಪ್ಪದಲ್ಲಿ ಹೀಗೆ ಬೆಳಕು ಬಿಡಲಾರದು. ಅವರು ಬಹಳ ಹೊತ್ತು ನೋಡಿದರು, ಮಾತಾಡಲಿಲ್ಲ.

ಟೈಲಿನ ಹಿಂಬದಿ ಒರಟಾಗಿರುತ್ತದೆ. ಅದರ ಮೇಲೆ ಕಲ್ಲನ್ನು ಬಲವಾಗಿ ಗೀಚಿದರೆ ಪುಡಿಯ ಗೆರೆ ಮೂಡುತ್ತದೆ. ಚಿನ್ನವಾದರೆ ಗೆರೆ ಚಿನ್ನದ ಹಳದಿಯೇ. ದಡ್ಡರ ಚಿನ್ನವೆಂದು ಇಂಗ್ಲಿಷರು ಕರೆಯುವ ಪೈರೈಟ್ ಎಂಬ ಗಂಧಕದ ಅದಿರಾದರೆ ಗೆರೆ ಹಸುರು ಮಿಶ್ರಿತ ಕಪ್ಪು. ಈ ಕಲ್ಲು ಎಳೆದ ಗೆರೆ ಬೂದಿ ಬೆರೆಸಿದ ಬಿಳಿ. ತೂಕವನ್ನಂತೂ ಕೈಯೇ ಹೇಳುತ್ತದೆ. ಚಿನ್ನ ಅದೇ ಗಾತ್ರದ ನೀರಿಗಿಂತ 19 ಪಾಲು ಭಾರ. ಮುಷ್ಟಿಗಾತ್ರದ ಚಿನ್ನವನ್ನು ಟವೆಲಿನ ತುದಿಗೆ ಕಟ್ಟಿದರೆ ಹೆಗಲೇ ಜಗ್ಗೀತು. ಇದು ಮೂರು ಪಾಲೂ ಇರಲಿಲ್ಲ.

ಕೊನೆಯ ಪರೀಕ್ಷೆಗೆ ಬೆಂಕಿ ಬೇಕು. ಉಗುರಿನಗಲದ ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಗೆ ಒಡ್ಡಿದೆ. (ಮಕ್ಕಳು ಇದನ್ನು ಒಬ್ಬರೇ ಮಾಡಬಾರದು. ಕೆಲವು ಕಲ್ಲು ಸಿಡಿಯುತ್ತವೆ, ಪೈರೈಟ್ ಆದರೆ ಗಂಧಕದ ಹೊಗೆ ಬಿಡುತ್ತದೆ.) ನಾಲ್ಕೈದು ಸೆಕೆಂಡು ಏನೂ ಇಲ್ಲ. ಆಮೇಲೆ ಆ ಚೂರು ಮೈಮುರಿದು ಎದ್ದಂತೆ ಉಬ್ಬತೊಡಗಿತು. ಹಾರ್ಮೋನಿಯಂನ ತಿದಿ ಬಿಚ್ಚಿದ ಹಾಗೆ ಪದರ ಪದರವಾಗಿ ಹಿಗ್ಗಿ, ಬಂಗಾರ ಬಣ್ಣದ ಹುಳದಂತೆ ಬಳುಕಿ ನಿಂತಿತು. ಮನೆಯ ಹೆಂಗಸರೆಲ್ಲ ಒಲೆಯ ಸುತ್ತ ನೆರೆದರು. ಅಷ್ಟು ಹೊತ್ತಿಗೆ ರೈತರ ಮುಖದಲ್ಲೂ ನಗೆ ಕಾಣಿಸಿಕೊಂಡಿತು. "ಇದು ಕಾಗೆಬಂಗಾರ ಅಲ್ವೇನ್ರೀ, ಸಣ್ಣಾಗಿದ್ದಾಗ ಹಳ್ಳದಾಗೆ ಆರಿಸ್ತಿದ್ವಿ" ಎಂದರು.

ಹೌದು, ಕಾಗೆಬಂಗಾರವೇ. ಶಾಲೆಯ ಪುಸ್ತಕದ ಭಾಷೆಯಲ್ಲಿ ಅಭ್ರಕ. ಅಭ್ರಕಗಳಲ್ಲಿ ಬಿಳಿಯದು, ಕರಿಯದು, ಕಂದುಬಣ್ಣದ್ದು ಎಂದು ಹಲವು ಬಗೆ. ಕರಿಯ ಅಭ್ರಕಕ್ಕೆ ಬಯೋಟೈಟ್ ಎಂದು ಹೆಸರು. ಬಿಯೋ ಎಂಬ ಫ್ರೆಂಚ್ ಭೌತವಿಜ್ಞಾನಿಯ ನೆನಪಿಗೆ 1847ರಲ್ಲಿ ಇಟ್ಟದ್ದು. ಹಿಂದೂಪುರ, ಕಲ್ಯಾಣದುರ್ಗದ ಬಂಡೆಗಳಲ್ಲಿ ಇದು ಧಾರಾಳ. ನಮ್ಮ ರಾಮನಗರದ ಬೆಟ್ಟಗಳಿಂದ ಹೊರಟು ಪಾವಗಡ, ಕಲ್ಯಾಣದುರ್ಗಗಳ ಮೇಲೆ ಹಾದು ಹಂಪಿಯ ಕಡೆಗೆ ಹೋಗುವ ಸುಮಾರು 400 ಕಿಲೋಮೀಟರ್ ಉದ್ದದ ಒಂದು ಕಣಶಿಲೆಯ ಪಟ್ಟಿಯಿದೆ. ರಾಮನಗರದ ಹಳೆಯ ಹೆಸರಿನಿಂದ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ರಾಜ್ಯಗಳ ಗಡಿಯನ್ನು 1953ರಲ್ಲಿ, 1956ರಲ್ಲಿ ನಾವು ಗೀಚಿದೆವು. ಬಂಡೆಗೆ ಅದರ ಪರಿವೆಯಿಲ್ಲ, ಕರ್ನಾಟಕದಲ್ಲಿ ಹುಟ್ಟಿ ಆಂಧ್ರಕ್ಕೆ ದಾಟಿ ಪುನಃ ಕರ್ನಾಟಕಕ್ಕೆ ಬರುತ್ತದೆ.

ಇನ್ನು ಈ ಕಂಚಿನ ಹೊಳಪು ಎಲ್ಲಿಂದ ಬಂತು? ಅಭ್ರಕದ ಒಳಗಟ್ಟು ಬಹಳ ಸೊಗಸಿನದು. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಹಾಳೆಗಳಾಗಿ ಹೆಣೆದುಕೊಂಡಿವೆ. ಎರಡು ಹಾಳೆಗಳ ನಡುವೆ ಕಬ್ಬಿಣ ಮತ್ತು ಮೆಗ್ನೀಸಿಯಂ ಕುಳಿತು ಒಂದು ಗಟ್ಟಿ ಪದರವಾಗುತ್ತದೆ. ಇಂಥ ಪದರವನ್ನು ಮುಂದಿನ ಪದರಕ್ಕೆ ಅಂಟಿಸುವುದು ಪೊಟ್ಯಾಸಿಯಂ. ಈ ಅಂಟು ಬಲಹೀನ. ಆದ್ದರಿಂದಲೇ ಅಭ್ರಕ ಸೂಜಿಯ ಮೊನೆಗೆ ಸುಲಿಯುತ್ತದೆ. ಬಂಡೆ ನೆಲದ ಹತ್ತಿರ ಬಂದು ಮಳೆನೀರು ತಾಗಿದಾಗ ಪೊಟ್ಯಾಸಿಯಂ ಮೆಲ್ಲಮೆಲ್ಲನೆ ಕರಗಿಹೋಗುತ್ತದೆ, ಆ ಜಾಗಕ್ಕೆ ನೀರು ಸೇರುತ್ತದೆ. ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಂತಾಗುತ್ತದೆ. ಕರಿಯ ಅಭ್ರಕ ಆಗ ಕಂದಾಗಿ, ಕಂಚಾಗಿ, ಕೆಲವೊಮ್ಮೆ ಅಪ್ಪಟ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಬೆಳಕು ಒಂದೇ ಮೇಲ್ಮೈಯಿಂದ ಅಲ್ಲ, ಒಂದರ ಕೆಳಗೊಂದಿರುವ ನೂರಾರು ಹಾಳೆಗಳಿಂದ ಮರಳುವುದರಿಂದ ಲೋಹದ ಭ್ರಮೆ ಹುಟ್ಟುತ್ತದೆ.

ಹೀಗೆ ನೀರು ಕುಡಿದ ಅಭ್ರಕಕ್ಕೆ ವರ್ಮಿಕ್ಯುಲೈಟ್ ಎಂದು ಹೆಸರು. ಹುಳ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಬೆಂಕಿಗೆ ಹಿಡಿದಾಗ ಪದರಗಳ ನಡುವಿನ ನೀರು ಥಟ್ಟನೆ ಆವಿಯಾಗಿ ಹಾಳೆಗಳನ್ನು ದೂಡುವುದೇ ಆ ಹುಳದ ಕುಣಿತಕ್ಕೆ ಕಾರಣ. ತಾಜಾ ಅಭ್ರಕದ ಹಾಳೆಯನ್ನು ಬಾಗಿಸಿ ಬಿಟ್ಟರೆ ಚಿಮ್ಮಿ ನೆಟ್ಟಗಾಗುತ್ತದೆ, ವರ್ಮಿಕ್ಯುಲೈಟ್ ಬಾಗಿದಲ್ಲೇ ಉಳಿಯುತ್ತದೆ. ಒಲೆ ಇಲ್ಲದೆಯೂ ಇವೆರಡನ್ನು ಹೀಗೆ ಬೇರ್ಪಡಿಸಬಹುದು. ಉಬ್ಬಿಸಿದ ವರ್ಮಿಕ್ಯುಲೈಟ್ ಹತ್ತಿಯಷ್ಟು ಹಗುರ, ನೀರು ಹಿಡಿದಿಟ್ಟುಕೊಳ್ಳುತ್ತದೆ. ನರ್ಸರಿಗಳಲ್ಲಿ ಸಸಿಯ ಕುಂಡಗಳಿಗೆ ಬೆರೆಸುವ ಹೊಳೆಯುವ ಪುಡಿ ಇದೇ. ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಇದನ್ನು ಅಗೆದು ತೆಗೆಯುತ್ತಾರೆ. ಆ ಕಡೆಯ ಗೂಡೂರಿನ ಬಿಳಿ ಅಭ್ರಕದ ಅಗಲ ಹಾಳೆಗಳು ವಿದ್ಯುತ್ ಸಾಮಾನುಗಳಿಗಾಗಿ ಹಿಂದೆ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿದ್ದವು. ಆದರೆ ಒಂದು ಬಾವಿಯಿಂದ ಬಂದ ನಾಲ್ಕು ಬುಟ್ಟಿ ಕಂದು ಚೂರುಗಳಿಗೆ ಯಾವ ಮಾರುಕಟ್ಟೆಯೂ ಇಲ್ಲ. ಇದನ್ನು ನಾನು ರೈತರಿಗೆ ಸ್ಪಷ್ಟವಾಗಿ ಹೇಳಿದೆ. ಹಾಗೆಯೇ, ಇಂಥ ಕಲ್ಲನ್ನು ಕುಟ್ಟಿ ಅದರ ಧೂಳು ಸೇವಿಸಬಾರದೆಂದೂ ಹೇಳಿದೆ. ಅಮೆರಿಕದ ಮೊಂಟಾನಾದ ಲಿಬ್ಬಿ ಎಂಬಲ್ಲಿ ವರ್ಮಿಕ್ಯುಲೈಟ್ ಗಣಿಯೊಂದು 1990ರ ತನಕ ನಡೆಯಿತು. ಅಲ್ಲಿಯ ಕಲ್ಲಿನಲ್ಲಿ ಕಲ್ನಾರು ಬೆರೆತಿದ್ದುದರಿಂದ ನೂರಾರು ಜನ ಶ್ವಾಸಕೋಶದ ರೋಗದಿಂದ ಸತ್ತರು.

ಆ ರೈತರ ಬಾಯಿಂದ ಬಂದ ಮಾತಿನ ಬಗ್ಗೆ ಒಂದೆರಡು ಸಾಲು ಬರೆಯದಿರಲಾರೆ. ಕನ್ನಡದಲ್ಲಿ ಕಾಗೆಬಂಗಾರ. ಅವರ ಊರಿನ ತೆಲುಗಿನಲ್ಲಿ ಕಾಕಿಬಂಗಾರಂ. ತಮಿಳಿನಲ್ಲಿ ಕಾಕ್ಕೈಪೊನ್. ನಮ್ಮ ನೆರೆಕರೆಯ ಮಲಯಾಳದಲ್ಲಿ ಕಾಕ್ಕಪ್ಪೊನ್ನು. ನಾಲ್ಕು ಭಾಷೆಯ ಹಳ್ಳಿಗರು ಒಂದೇ ಕಲ್ಲಿಗೆ ಒಂದೇ ಹೆಸರು ಇಟ್ಟಿದ್ದಾರೆ. ಕಾಗೆಗೆ ಸಾಕಾಗುವಷ್ಟು ಬಂಗಾರ, ಮನುಷ್ಯರ ವ್ಯವಹಾರಕ್ಕೆ ಆಗದ್ದು. ಅಕ್ಕಸಾಲೆಯ ಪರೀಕ್ಷೆ ಆ ಹೆಸರಿನೊಳಗೇ ಮುಗಿದುಹೋಗಿದೆ! ಬಾಲ್ಯದಲ್ಲಿ ಹಳ್ಳದಲ್ಲಿ ಕಾಗೆಬಂಗಾರ ಆರಿಸಿದ್ದ ಮನುಷ್ಯ, ಪೇಟೆಯವನೊಬ್ಬ ಬಂದು "ಮಿನರಲ್" ಎಂದ ಕೂಡಲೇ ತನಗೆ ಗೊತ್ತಿದ್ದ ಹೆಸರನ್ನು ಮರೆತುಬಿಟ್ಟದ್ದೇ ನನಗೆ ಸೋಜಿಗ. ನಮ್ಮ ಶಾಲೆಯಲ್ಲೂ ಅಭ್ರಕ ಎಂದರೆ ಬರೆದುಕೊಳ್ಳುವ ಮಕ್ಕಳಿದ್ದಾರೆ, ಕಾಕ್ಕಪ್ಪೊನ್ನು ಎಂದರೆ ನಗುವ ಮಕ್ಕಳಿದ್ದಾರೆ. ಕಾಗೆಬಂಗಾರ ಎಂಬ ಮಾತು ಮನೆಯಲ್ಲಿ ಕೇಳಿದ್ದೇವೆ ಎನ್ನುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅಜ್ಜಿಯಂದಿರು ಇರುವ ಮನೆಗಳಲ್ಲಿ ಒಮ್ಮೆ ಕೇಳಿ ನೋಡಬೇಕು.

ಕಂದಗೆ ಹೊಳೆಯುವುದೆಲ್ಲ ಅಭ್ರಕವೇ ಎಂದಲ್ಲ. ಕೊಲ್ಲಿ ರಾಷ್ಟ್ರಗಳಿಂದ ಬರುವವರು, ಜಾತ್ರೆಗೆ ಹೋದವರು ಕೊಂಡುತರುವ ಕಂದು ಮಣಿಸರಗಳನ್ನು ಹಲವರು ನನಗೆ ತೋರಿಸಿದ್ದಾರೆ. ಅದರಲ್ಲಿ ಬ್ರಾಂಜೈಟ್ ಎಂಬುದು ನಿಜವಾದ ಖನಿಜ. ಕಂಚಿನಂಥ ರೇಷ್ಮೆ ಹೊಳಪು, ಕಲ್ಲನ್ನು ತಿರುಗಿಸಿದಂತೆ ಹೊಳಪು ಜಾರುತ್ತದೆ. ಆದರೆ ಇದರಲ್ಲಿ ಸೂಜಿಗೆ ಹಾಳೆ ಏಳುವುದಿಲ್ಲ, ಚಾಕುವಿಗೂ ಸುಲಭದಲ್ಲಿ ಜಗ್ಗುವುದಿಲ್ಲ. ಕಲ್ಲಿನೊಳಗೆ ಸಾಲಾಗಿ ನಿಂತ ಅತಿ ಸೂಕ್ಷ್ಮ ಅದಿರಿನ ಪಟ್ಟಿಗಳು ಅದರ ಹೊಳಪಿಗೆ ಕಾರಣ. ಖನಿಜಶಾಸ್ತ್ರಜ್ಞರು 1988ರಲ್ಲಿ ಆ ಹೆಸರನ್ನೇ ಕೈಬಿಟ್ಟು ಎನ್‌ಸ್ಟಟೈಟ್ ಎಂಬುದರಲ್ಲಿ ಸೇರಿಸಿದರು, ವ್ಯಾಪಾರಿಗಳು ಮಾತ್ರ ಬಿಟ್ಟಿಲ್ಲ. ಅದರ ಹತ್ತಿರದ ನೆಂಟ ಹೈಪರ್‌ಸ್ತೀನ್. ಕೊಡಗಿನ ಬೆಟ್ಟಗಳಲ್ಲೂ ಕೇರಳದ ಘಟ್ಟಗಳಲ್ಲೂ ಇರುವ ಚಾರ್ನಕೈಟ್ ಎಂಬ ಕಪ್ಪು ಬಂಡೆಯ ಮುಖ್ಯ ಖನಿಜ ಇದು. ಆ ಬಂಡೆಯ ಹೆಸರಿನ ಕಥೆ ವಿಚಿತ್ರ. ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಕ್ ಎಂಬವನ ಗೋರಿಕಲ್ಲು ಕಲ್ಕತ್ತದ ಸೈಂಟ್ ಜಾನ್ ಇಗರ್ಜಿಯ ಅಂಗಳದಲ್ಲಿದೆ. ಅದು ಮದರಾಸಿನ ಕಡೆಯ ಬಂಡೆಯೆಂದು ಗುರುತಿಸಿದ ಹಾಲೆಂಡ್ ಎಂಬ ಭೂವಿಜ್ಞಾನಿ 1893ರಲ್ಲಿ ಬಂಡೆಗೇ ಸತ್ತವನ ಹೆಸರಿಟ್ಟ.

ಗೋಲ್ಡ್‌ಸ್ಟೋನ್ ಎಂದು ಮಾರುವ, ನಕ್ಷತ್ರ ಚೆಲ್ಲಿದಂತೆ ಮಿನುಗುವ ಕಂದು ಮಣಿಯಂತೂ ಕಲ್ಲೇ ಅಲ್ಲ. ಅದು ಗಾಜು. ಕರಗಿದ ಗಾಜಿನೊಳಗೆ ತಾಮ್ರದ ಹರಳುಗಳು ಬೆಳೆಯುವಂತೆ ಮಾಡುವ ಈ ವಿದ್ಯೆ 17ನೆಯ ಶತಮಾನದಲ್ಲಿ ವೆನಿಸ್‌ನ ಗಾಜುಗಾರರಿಗೆ ಸಿದ್ಧಿಸಿತ್ತು. ಮಿನುಗು ಎಲ್ಲ ಕಡೆಯೂ ಒಂದೇ ಸಮ ಇದ್ದರೆ ಸಂಶಯಪಡಬೇಕು. ಪ್ರಕೃತಿಗೆ ಅಷ್ಟು ಅಚ್ಚುಕಟ್ಟು ಇರುವುದಿಲ್ಲ. ಹುಲಿಗಣ್ಣು ಎಂಬ ಪಟ್ಟೆಯ ಕಲ್ಲು ದಕ್ಷಿಣ ಆಫ್ರಿಕದ್ದು, ಅದು ಗಾಜನ್ನು ಗೀರುವಷ್ಟು ಗಟ್ಟಿ.

ನಮ್ಮ ಮನೆಯಂಗಳದಲ್ಲೇ ಇನ್ನೊಂದು ಉಂಟು. ಮುರಕಲ್ಲಿನ ಪಾರೆಯ ಮೇಲೆ ಮಕ್ಕಳಿಗೆ ಸಿಗುವ, ಎಣ್ಣೆ ಸವರಿದಂತೆ ಕಂದಗೆ ಹೊಳೆಯುವ ಭಾರದ ಗೋಲಿಗಳು. ಅವುಗಳಲ್ಲಿ ಹೆಚ್ಚಿನವು ಗೋಥೈಟ್ ಎಂಬ ಕಬ್ಬಿಣದ ಅದಿರು. ಜರ್ಮನಿಯ ಕವಿ ಗಯಟೆಯ ಹೆಸರು. ಟೈಲಿನ ಹಿಂಬದಿಗೆ ಗೀಚಿದರೆ ಅರಸಿನ ಬೆರೆತ ಕಂದು ಗೆರೆ ಬರುತ್ತದೆ. ಗೆರೆ ಕೆಂಪಾದರೆ ಅದು ಹೆಮಟೈಟ್. ಕಾಸರಗೋಡಿನ ಯಾವ ಮಗುವೂ ಒಂದು ಟೈಲಿನ ಚೂರಿನಲ್ಲಿ ಮಾಡಬಹುದಾದ ಪರೀಕ್ಷೆ ಇದು.

ಹಿಂದೂಪುರದ ಜಗಲಿಗೆ ಮರಳೋಣ. ಷಡ್ಡಕರಿಗೆ ನನ್ನ ವಿವರಣೆಯಿಂದ ಸ್ವಲ್ಪ ನಿರಾಶೆಯಾದ ಹಾಗೆ ತೋರಿತು. "ಹಾಗಾದರೆ ಕಲ್ಯಾಣದುರ್ಗದ ಮಣ್ಣಿನಲ್ಲಿ ಏನೂ ಇಲ್ಲವೋ" ಎಂದು ಕೇಳಿದರು. ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಕಲ್ಯಾಣದುರ್ಗದ ಸುತ್ತ ಕಿಂಬರ್ಲೈಟ್ ಕೊಳವೆಗಳನ್ನು ಪತ್ತೆಹಚ್ಚಿದ್ದಾರೆ. ದಕ್ಷಿಣ ಆಫ್ರಿಕದ ಕಿಂಬರ್ಲಿ ಊರಿನಿಂದ ಹೆಸರು ಪಡೆದ ಈ ಬಂಡೆ ನೆಲದಡಿ ನೂರೈವತ್ತು ಕಿಲೋಮೀಟರಿಗೂ ಆಳದಿಂದ ಉಕ್ಕಿ ಬಂದದ್ದು. ವಜ್ರಕರೂರಿನ ಸೀಮೆಯ ಇಂಥ ಕೊಳವೆಗಳಲ್ಲಿ ಬಹುಪಾಲು ಸುಮಾರು 110 ಕೋಟಿ ವರ್ಷ ಹಳೆಯವು. ಮೇಲೆ ಬರುವಾಗ ದಾರಿಯಲ್ಲಿದ್ದ ವಜ್ರಗಳನ್ನು ಕೆಲವು ಹೊತ್ತು ತಂದವು, ಕೆಲವು ಬರಿಗೈಯಲ್ಲಿ ಬಂದವು. ತಮಾಷೆಯೆಂದರೆ ಕಿಂಬರ್ಲೈಟಿನಲ್ಲಿ ಎದ್ದು ಕಾಣುವ ಖನಿಜಗಳಲ್ಲಿ ಒಂದು ಫ್ಲೊಗೊಪೈಟ್, ಅಂದರೆ ಮೆಗ್ನೀಸಿಯಂ ಹೆಚ್ಚಿರುವ ಕಂದು ಅಭ್ರಕ, ಅದೂ ಕಾಗೆಬಂಗಾರವೇ. ಆದರೆ ಅಲ್ಲಿ ಅದು ಒಂಟಿಯಾಗಿ ಇರುವುದಿಲ್ಲ. ಗಾರ್ನೆಟ್, ಇಲ್ಮೆನೈಟ್ ಮುಂತಾದ ಸಂಗಾತಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಎಣಿಸಿ ನೋಡಿದ ಮೇಲೆಯೇ ಭೂವಿಜ್ಞಾನಿ ಬಾಯಿ ಬಿಡುತ್ತಾನೆ. ರೈತರ ಕಲ್ಲಿನ ಬುಡಕ್ಕೆ ಅಂಟಿದ್ದದ್ದು ಬಿಳಿ ಬೆಣಚುಕಲ್ಲು, ಗುಲಾಬಿ ಫೆಲ್ಡ್‌ಸ್ಪಾರ್. ಅದು ಅಪ್ಪಟ ಕಣಶಿಲೆಯ ಮನೆತನ. ವಜ್ರದ ಬಂಡೆಯಲ್ಲಿ ಬೆಣಚು ಹುಟ್ಟುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ರೈತರು ಕೇಳಿದ ಪ್ರಶ್ನೆ ಚಿನ್ನದ್ದೂ ಅಲ್ಲ, ವಜ್ರದ್ದೂ ಅಲ್ಲ. "ನೀರಿನ ವಿಚಾರ ಏನ್ರೀ? ಈ ಕಲ್ಲು ಬಂದ ಮೇಲೆ ಕೆಳಗೆ ನೀರು ಬರ್ತದೋ ಇಲ್ಲೋ?"

ಇಡೀ ಬೆಳಿಗ್ಗೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೇ ಆಗಿತ್ತು, ನನಗೇ ಹೊಳೆದಿರಲಿಲ್ಲ. ಕರಿಯ ಅಭ್ರಕ ಕಂಚುಬಣ್ಣಕ್ಕೆ ತಿರುಗಿದೆ ಎಂದರೆ ಅಲ್ಲಿಯ ತನಕ ನೀರು ಇಳಿದು ಬಂಡೆಯನ್ನು ಸಡಿಲಗೊಳಿಸಿದೆ ಎಂದು ಅರ್ಥ. ಗಟ್ಟಿ ಬಂಡೆಯ ನಾಡಿನಲ್ಲಿ ತೆರೆದ ಬಾವಿಗೆ ನೀರು ಕೊಡುವುದು ಹೀಗೆ ಶಿಥಿಲವಾದ ಪದರವೇ. ಮಳೆ ಬಂದರೆ ಆ ಪದರ ನೀರು ಹಿಡಿದೀತು, ಬಾರದಿದ್ದರೆ ಯಾವ ಕಲ್ಲೂ ಏನೂ ಮಾಡಲಾರದು. ಕಲ್ಲು ತಾಜಾ ಕಪ್ಪಾಗಿ, ಗಡುಸಾಗಿ ಸಿಗತೊಡಗಿದಲ್ಲಿ ಅಗೆತ ನಿಲ್ಲಿಸಿ, ಅಲ್ಲಿಂದ ಕೆಳಗೆ ಬಂಡೆಯ ಬಿರುಕು ಸಿಕ್ಕಿದರೆ ಉಂಟು ಇಲ್ಲದಿದ್ದರೆ ಇಲ್ಲ ಎಂದು ಹೇಳಿದೆ. ಅವರು ತಲೆಯಾಡಿಸಿದರು. ಊಟ ಮಾಡಿ, ಸರವಿದ್ದ ಒಳಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೊರಟರು. ಕಲ್ಲನ್ನು ಚಾಕುವಿನಿಂದ ಎರಡು ಮಾಡಿ ಒಂದು ಭಾಗ ನನಗೆ ಕೊಟ್ಟರು.

ಜುಲೈಯಲ್ಲಿ ಷಡ್ಡಕರ ಫೋನು ಬಂತು. ಪೇಟೆಯವನು ಮುಂಗಡ ಕೇಳಲು ಬಂದಾಗ ರೈತರು ಅವನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಒಂದು ಚೂರನ್ನು ಉರಿಗೆ ಹಿಡಿದು ತೋರಿಸಿದರಂತೆ. ಅವನು ಚಹಾಕ್ಕೂ ನಿಲ್ಲಲಿಲ್ಲವಂತೆ. ಬಾವಿ ಇನ್ನೂ ಎರಡು ಅಡಿ ಇಳಿದಿದೆ, ತಳದಲ್ಲಿ ಬೆಳಿಗ್ಗೆ ಹೊತ್ತು ನಾಲ್ಕು ಕೊಡ ನೀರು ನಿಲ್ಲುತ್ತದೆ.